ಟವರ್ ಇದ್ದೂ ರೇಂಜ್ ಇಲ್ಲವೇಕೆ? ಘಟ್ಟದ ಊರುಗಳಿಗೆ ನಾಳೆಯ ನೆಟ್‌ವರ್ಕ್ ಬರುವ ದಾರಿ

2025ರಲ್ಲಿ ಮೂರು ಸುದ್ದಿಗಳು ಒಂದರ ಹಿಂದೊಂದು ಬಂದವು. ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ ಜೂನ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. ಡಿಸೆಂಬರ್ 24ರಂದು ಇಸ್ರೋದ ಎಲ್‌ವಿಎಂ3 ರಾಕೆಟ್ ಅಮೆರಿಕದ ಕಂಪನಿಯೊಂದರ ಉಪಗ್ರಹವನ್ನು ಹೊತ್ತೊಯ್ದಿತು. ನಮ್ಮ ಕೈಯಲ್ಲಿರುವ ಮಾಮೂಲಿ ಮೊಬೈಲಿಗೇ ಆಕಾಶದಿಂದ ಸಿಗ್ನಲ್ ಕೊಡುವುದು ಅದರ ಕೆಲಸ.

ಇವೆಲ್ಲವನ್ನೂ ಓದಿದ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಜೊಯಿಡಾ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ನಮ್ಮೂರಿಗೆ ರೇಂಜ್ ಯಾವಾಗ? ಪ್ರಶ್ನೆ ಸಣ್ಣದಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನೆಟ್‌ವರ್ಕ್ ಬೇಕು, ಬ್ಯಾಂಕಿನ ಒಟಿಪಿ ಬರಲು ಬೇಕು, ಗುಡ್ಡ ಕುಸಿದಾಗ ಸುದ್ದಿ ಮುಟ್ಟಿಸಲು ಬೇಕು. ಉತ್ತರ ಬೇಕಾದರೆ ರೇಂಜ್ ಎಲ್ಲಿಂದ ಹುಟ್ಟಿ ಎಲ್ಲಿ ಸಾಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಡ್ಡಿ ಹೇಳುವುದು ಅರ್ಧ ಸತ್ಯ

ಮೊಬೈಲ್ ಎಂದರೆ ಪುಟ್ಟ ರೇಡಿಯೊ. ಅದು ಕೇಳುವುದಷ್ಟೇ ಅಲ್ಲ, ಮಾತೂ ಆಡುತ್ತದೆ. ಟವರ್ ಮೇಲಿನ ಆಂಟೆನಾ ಹತ್ತಾರು ವಾಟ್ ಶಕ್ತಿಯಲ್ಲಿ ತರಂಗ ಬಿಟ್ಟರೆ, 4ಜಿ ಅಥವಾ 5ಜಿ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವಾಟ್‌ನಲ್ಲಿ ಉತ್ತರ ಕೊಡುತ್ತದೆ. ಪರದೆಯ ಮೇಲಿನ ಕಡ್ಡಿಗಳು ತೋರಿಸುವುದು ಟವರ್‌ನ ದನಿ ಫೋನಿಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಫೋನಿನ ದನಿ ಟವರ್‌ಗೆ ಮುಟ್ಟುತ್ತಿದೆಯೋ ಇಲ್ಲವೋ ಎಂದು ಹೇಳುವ ಕಡ್ಡಿ ಇಲ್ಲ. ಅಂಗಳದ ತುದಿಯಲ್ಲಿ ಎರಡು ಕಡ್ಡಿ ಕಂಡರೂ ಕರೆ ಹೋಗದಿರಲು ಇದೂ ಒಂದು ಕಾರಣ.

ಹಳೆಯ ಬಟನ್ ಫೋನಿಗೆ ಕೊಟ್ಟಿಗೆಯಲ್ಲೂ ರೇಂಜ್ ಸಿಗುತ್ತಿತ್ತು ಎಂದು ಮನೆಯ ಹಿರಿಯರು ಹೇಳಿದರೆ ನಗಬೇಡಿ. 900 ಮೆಗಾಹರ್ಟ್ಸ್ ಕಂಪನಾಂಕದಲ್ಲಿ (ತರಂಗ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ) ಕೆಲಸ ಮಾಡುವ 2ಜಿ ಫೋನಿಗೆ 2 ವಾಟ್‌ವರೆಗೆ ಶಕ್ತಿ ಬಳಸುವ ಅವಕಾಶವಿದೆ, ಅಂದರೆ ಇಂದಿನ ಫೋನಿನ ಹತ್ತು ಪಟ್ಟು. ಅದರ ಮೇಲೆ, ಮಾತಿಗೆ ಬೇಕಾದ ಮಾಹಿತಿ ತೀರಾ ಕಡಿಮೆ. ವಿಡಿಯೊಗೆ ಹಾಗಲ್ಲ.

ಗುಡ್ಡ, ಎಲೆ, ನೀರು

ಎಲ್ಲ ತರಂಗವೂ ಒಂದೇ ರೀತಿ ಸಾಗುವುದಿಲ್ಲ. ಕಂಪನಾಂಕ ಕಡಿಮೆಯಾದಷ್ಟೂ ಅಲೆ ಉದ್ದ; ಉದ್ದದ ಅಲೆ ಅಡ್ಡಬಂದದ್ದನ್ನು ಒಂದಿಷ್ಟು ಬಳಸಿಕೊಂಡು ಹೋಗುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ಮಾಹಿತಿ ಹೊರುವ ಅವಕಾಶ ಹೆಚ್ಚು, ಆದರೆ ದೂರ ಕಡಿಮೆ. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. 5ಜಿಯಲ್ಲಿ ಹೆಚ್ಚು ಬಳಕೆಯಲ್ಲಿರುವ 3300 ಮೆಗಾಹರ್ಟ್ಸ್‌ನದು 9 ಸೆಂಟಿಮೀಟರ್. 26 ಗಿಗಾಹರ್ಟ್ಸ್‌ನದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದಕ್ಕೆ ಗೋಡೆಯೇ ದೊಡ್ಡ ಅಡ್ಡಿ. 2022ರ ತರಂಗಾಂತರ ಹರಾಜಿನಲ್ಲಿ ಈ ಮೂರೂ ಬಗೆ ಮಾರಾಟವಾದವು. ಶಿರಸಿ ಪೇಟೆಯಲ್ಲಿ ಓಡುವ 5ಜಿ ಹತ್ತಾರು ಕಿಲೋಮೀಟರ್ ಆಚೆಯ ಹಳ್ಳಿಗೆ ಹಾಗೆಯೇ ಚಾಚಿಕೊಳ್ಳದಿರುವುದಕ್ಕೆ ಕಂಪನಿಯ ಅಸಡ್ಡೆಯಷ್ಟೇ ಅಲ್ಲ, ಭೌತಶಾಸ್ತ್ರವೂ ಕಾರಣ.

ನಮ್ಮ ನೆಲದ ರಚನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅಡಕೆಗೆ ನೀರು ಬೇಕು, ನೀರು ಇರುವುದು ಕಣಿವೆಯಲ್ಲಿ. ಹಾಗಾಗಿ ತೋಟ ಕಣಿವೆಯಲ್ಲಿ, ಮನೆ ತೋಟದ ಪಕ್ಕದಲ್ಲಿ, ಸುತ್ತ ಬೆಟ್ಟ. ರೇಡಿಯೊ ತರಂಗದ ದೃಷ್ಟಿಯಿಂದ ನೋಡಿದರೆ ನಾವು ಹುಡುಕಿ ಹುಡುಕಿ ಅತ್ಯಂತ ಕೆಟ್ಟ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಮಳೆಗಾಲದಲ್ಲಿ ಎಲೆಗಳೆಲ್ಲ ತೊಯ್ದು ನಿಲ್ಲುತ್ತವೆ. ನೀರು ತರಂಗವನ್ನು ಹೀರುತ್ತದೆ. ಮೇ ತಿಂಗಳಲ್ಲಿ ಸಿಗುವ ರೇಂಜ್ ಜುಲೈನಲ್ಲಿ ಸಿಗದಿರುವುದು ಭ್ರಮೆಯಲ್ಲ.

ಟವರ್‌ನ ಹಿಂದೆ ಏನಿದೆ?

ನೆಟ್‌ವರ್ಕ್ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣೂ ಟವರ್ ಮೇಲೆ. ನಿಜವಾದ ಕಥೆ ಅದರ ಹಿಂದೆ ಇದೆ.

ಘಟ್ಟದ ಮೇಲಿನ ಎಷ್ಟೋ ಮನೆಗಳಿಗೆ ಅಬ್ಬಿ ನೀರು ಬರುತ್ತದೆ. ಬೆಟ್ಟದ ಮೇಲಿನ ಒರತೆಯಿಂದ ಪೈಪು ಹಾಕಿ, ಪಂಪ್ ಇಲ್ಲದೆ, ಇಳಿಜಾರಿನಲ್ಲೇ ನೀರನ್ನು ಅಂಗಳಕ್ಕೆ ತರುತ್ತಾರೆ. ಅಂಗಳದ ನಲ್ಲಿ ಎಷ್ಟೇ ಹೊಸದಾಗಿದ್ದರೂ, ಮೇಲೆಲ್ಲೋ ಕಾಡಿನಲ್ಲಿ ಕೊಂಬೆ ಬಿದ್ದು ಪೈಪು ತಪ್ಪಿದರೆ ಬರುವುದು ಗಾಳಿ ಮಾತ್ರ. ಟವರ್ ಆ ನಲ್ಲಿ ಇದ್ದ ಹಾಗೆ. ಅದು ತಾನಾಗಿ ಇಂಟರ್ನೆಟ್ ಹುಟ್ಟಿಸುವುದಿಲ್ಲ. ಹಿಂದಿನಿಂದ ಬಂದದ್ದನ್ನು ಹಂಚುತ್ತದೆ. ಆ ಹಿಂದಿನ ಕೊಂಡಿಯನ್ನು ಈ ಕೆಲಸದವರು ಬ್ಯಾಕ್‌ಹಾಲ್ ಎನ್ನುತ್ತಾರೆ. ನಾಲ್ಕು ಕಡ್ಡಿ ತುಂಬಿದ್ದೂ ವಾಟ್ಸ್‌ಆ್ಯಪ್‌ನ ಚಕ್ರ ಸುತ್ತುತ್ತಲೇ ಇದ್ದರೆ, ಹಿಂದಿನ ಪೈಪು ಕಡಿದಿರಬಹುದು, ಇಲ್ಲವೇ ಒಂದೇ ಸಣ್ಣ ಪೈಪಿಗೆ ಇಡೀ ಊರು ಬಾಯಿ ಹಾಕಿರಬಹುದು.

ಬ್ಯಾಕ್‌ಹಾಲ್ ಮುಖ್ಯವಾಗಿ ಎರಡು ಬಗೆ. ಒಂದು, ಆಪ್ಟಿಕಲ್ ಫೈಬರ್ ಕೇಬಲ್. ಇನ್ನೊಂದು, ಟವರ್ ಮೇಲೆ ಕಾಣುವ ದುಂಡನೆಯ ಡ್ರಮ್. ಅದು ಮೈಕ್ರೋವೇವ್ ಡಿಶ್. ಇನ್ನೊಂದು ಟವರ್‌ನ ಅದೇ ಬಗೆಯ ಡಿಶ್ಶನ್ನು ನೇರ ದೃಷ್ಟಿಯಲ್ಲಿ ನೋಡುತ್ತ ಮಾಹಿತಿ ಕಳಿಸುತ್ತದೆ. ನಡುವೆ ಗುಡ್ಡ ಬರಬಾರದು. ಈ ಕೊಂಡಿಗಳು ಬಹಳಷ್ಟು ಕಡೆ 10 ಗಿಗಾಹರ್ಟ್ಸ್‌ಗಿಂತ ಮೇಲಿನ ಕಂಪನಾಂಕದಲ್ಲಿ ನಡೆಯುತ್ತವೆ, ಆ ಮಟ್ಟದಲ್ಲಿ ಜೋರು ಮಳೆಯೇ ಸಿಗ್ನಲ್ಲನ್ನು ತಿಂದುಹಾಕುತ್ತದೆ. ಆಷಾಢದ ಮಳೆಗೆ ಅದು ಎಷ್ಟು ತಾಳೀತು ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಟವರ್‌ಗೆ ಬೇಕಾದ ಇನ್ನೊಂದು ಎಂದರೆ ಕರೆಂಟ್. ಟವರ್ ಬುಡದ ಪೆಟ್ಟಿಗೆಯಲ್ಲಿ ಬ್ಯಾಟರಿ ಇರುತ್ತದೆ, ಕೆಲವು ಕಡೆ ಡೀಸೆಲ್ ಜನರೇಟರ್ ಇರುತ್ತದೆ. ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಬ್ಯಾಟರಿ ಅಷ್ಟು ಹೊತ್ತು ಬಾಳುವುದಿಲ್ಲ. ಕರೆಂಟ್ ಹೋದ ಕೆಲವೇ ತಾಸಿನಲ್ಲಿ ರೇಂಜೂ ಹೋಗುತ್ತದೆ, ಲೈನ್‌ಮ್ಯಾನ್‌ಗೆ ಫೋನ್ ಮಾಡೋಣವೆಂದರೆ ಫೋನೇ ಇಲ್ಲ. 4ಜಿ ಹೋಗಿ 5ಜಿ, 6ಜಿ ಬಂದರೂ ಈ ತಾಪತ್ರಯ ತಾನಾಗಿ ತೀರುವುದಿಲ್ಲ.

ಕೂದಲೆಳೆಯಷ್ಟು ಗಾಜು

ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದರೊಳಗೆ ಬೆಳಕಿನ ಮಿಣುಕುಗಳಾಗಿ ಮಾಹಿತಿ ಓಡುತ್ತದೆ. ಹಳೆಯ ಲ್ಯಾಂಡ್‌ಲೈನ್‌ನ ತಾಮ್ರದ ತಂತಿಗೆ ಸಿಡಿಲಿನ ಭಯವಿತ್ತು. ಗುಡುಗು ಕೇಳಿಸಿದೊಡನೆ ಓಡಿಹೋಗಿ ಮೋಡೆಮ್‌ನ ತಂತಿ ಕೀಳುವುದು ಮಲೆನಾಡಿನ ಮನೆಮನೆಯ ಅಭ್ಯಾಸ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಎಳೆಯ ಮೂಲಕ ಸಿಡಿಲು ಮನೆಯೊಳಗೆ ಬಾರದು. ಆದರೆ ಕರೆಂಟಿನ ಪ್ಲಗ್ ಕಡೆಯಿಂದ ಬರಬಹುದು, ಹಾಗಾಗಿ ಅಡಾಪ್ಟರ್ ಕೀಳುವ ಅಭ್ಯಾಸ ಬಿಡಬೇಡಿ.

ನಮ್ಮ ಕಡೆ ಈ ಕೇಬಲ್ ಎಲ್ಲ ಕಡೆಯೂ ನೆಲದೊಳಗಿಲ್ಲ. ರಸ್ತೆಬದಿಯಲ್ಲಿ ಕಂಬದಿಂದ ಕಂಬಕ್ಕೆ, ಕಂಬ ಸಿಗದಲ್ಲಿ ಮರದಿಂದ ಮರಕ್ಕೆ ಕಪ್ಪು ತಂತಿ ಜೋತಾಡುವುದನ್ನು ನೋಡಿರುತ್ತೀರಿ. ಹೆಚ್ಚುವರಿ ಕೇಬಲ್ಲನ್ನು ಸಿಂಬಿ ಸುತ್ತಿ ಕಂಬಕ್ಕೆ ಕಟ್ಟಿಟ್ಟಿರುತ್ತಾರೆ. ಕಡಿದಾಗ ಎಳೆದು ಜೋಡಿಸಲು ಅದು ಬೇಕು. ನೆಲದಡಿ ಹೋದ ಕೇಬಲ್‌ಗೆ ರಸ್ತೆ ಅಗಲ ಮಾಡುವ ಜೆಸಿಬಿಯೇ ದೊಡ್ಡ ಶತ್ರು.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಭಾರತ್‌ನೆಟ್ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಹಾಕಿದ ಜಾಲ ಹೆಚ್ಚಾಗಿ ಒಂದೇ ಸಾಲಿನದು. ನಡುವೆ ಎಲ್ಲಿ ಕಡಿದರೂ ಆಚೆಯ ಪಂಚಾಯಿತಿಗಳೆಲ್ಲ ಕತ್ತಲೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ತಿದ್ದುಪಡಿ ಯೋಜನೆ ಇದನ್ನು ಉಂಗುರದ ಆಕಾರಕ್ಕೆ ಬದಲಿಸುತ್ತದೆ. ಉಂಗುರದಲ್ಲಿ ಒಂದು ಕಡೆ ಕಡಿದರೆ ಮಾಹಿತಿ ಇನ್ನೊಂದು ಸುತ್ತಿನಿಂದ ಬರುತ್ತದೆ. ದೇವಿಮನೆ, ಅರಬೈಲ್, ಅಣಶಿ ಘಟ್ಟಗಳ ಜಿಲ್ಲೆಗೆ 6ಜಿಗಿಂತ ಈ ಉಂಗುರವೇ ದೊಡ್ಡ ಸುದ್ದಿ ಎಂಬುದು ನನ್ನ ಲೆಕ್ಕ. ಆದರೆ ಉಂಗುರದ ಎರಡೂ ಬದಿ ಒಂದೇ ಘಟ್ಟದ ರಸ್ತೆಯಲ್ಲಿ ಹೋದರೆ ಉಪಯೋಗವಿಲ್ಲ. ಒಂದು ಗುಡ್ಡ ಕುಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಮನೆಗೆ ಫೈಬರ್ ಬಂದಿದೆ, ಮೊಬೈಲ್ ರೇಂಜ್ ಇಲ್ಲ ಎನ್ನುವವರಿಗೆ ಒಂದು ಸೌಲಭ್ಯ ಈಗಲೇ ಇದೆ: ವೈಫೈ ಕರೆ. ಭಾರತದಲ್ಲಿ ಇದು 2019ರ ಕೊನೆಗೆ ಶುರುವಾಯಿತು. ಕಂಪನಿ ಮತ್ತು ಫೋನ್ ಎರಡೂ ಇದಕ್ಕೆ ಒಗ್ಗುವಂತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಮಾಮೂಲಿ ನಂಬರಿಗೆ ಬರುವ ಕರೆಯೇ ಮನೆಯ ವೈಫೈ ಮೂಲಕ ಬರುತ್ತದೆ, ಬೇರೆ ಆ್ಯಪ್ ಬೇಡ. ಹಾಗೆಯೇ ಊರಿಗೆ ಹೊಸದಾಗಿ ಬಂದದ್ದು ಬರೀ 4ಜಿ ಟವರ್ ಆಗಿದ್ದರೆ, ಫೋನಿನಲ್ಲಿ VoLTE (4ಜಿ ಮೂಲಕವೇ ಕರೆ ಮಾಡುವ ವ್ಯವಸ್ಥೆ) ಎಂಬ ಆಯ್ಕೆ ಚಾಲೂ ಇದೆಯೇ ನೋಡಿ. ಇಲ್ಲದಿದ್ದರೆ ಇಂಟರ್ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ.

ಆಕಾಶದಿಂದ ಬರುವ ಇಂಟರ್ನೆಟ್

ಉಪಗ್ರಹ ಎಂದೊಡನೆ ಎಲ್ಲವೂ ಒಂದೇ ಅಲ್ಲ. ಟಿವಿ ಡಿಶ್ ನೋಡುವ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಅಲ್ಲಿಗೆ ಹೋಗಿ ಕೆಳಗಿಳಿಯಲು ಬೆಳಕಿನ ವೇಗದಲ್ಲೂ ಕಾಲು ಸೆಕೆಂಡ್ ಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್. ಧಾರಾವಾಹಿ ನೋಡಲು ಅಡ್ಡಿಯಿಲ್ಲ, ಫೋನ್ ಸಂಭಾಷಣೆಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿಬಿಡುತ್ತಾರೆ.

ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ, ಇಂಥದೇ ಇನ್ನೊಂದು ಕಂಪನಿ ಒನ್‌ವೆಬ್‌ನವು 1,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಹತ್ತಿರವಿರುವುದರಿಂದ ತಡ ಬಹಳ ಕಡಿಮೆ. ಆದರೆ ಇಷ್ಟು ಕೆಳಗಿರುವ ಉಪಗ್ರಹ ಒಂದೇ ಕಡೆ ನಿಲ್ಲಲಾರದು. ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕೆಲವೇ ನಿಮಿಷ ನಮ್ಮ ತಲೆಯ ಮೇಲಿದ್ದು ದಿಗಂತದಾಚೆ ಹೋಗುತ್ತದೆ, ಅಷ್ಟರಲ್ಲಿ ಡಿಶ್ ಮುಂದಿನದನ್ನು ಹಿಡಿಯಬೇಕು. ಸಾವಿರಾರು ಉಪಗ್ರಹ ಬೇಕಾಗುವುದು ಇದಕ್ಕೇ.

ಮಲೆನಾಡಿಗೆ ತೊಡಕಿರುವುದೂ ಇಲ್ಲೇ. ಟಿವಿ ಡಿಶ್ಶಿಗೆ ಆಕಾಶದ ಒಂದು ಕಿಂಡಿ ಸಾಕು. ಓಡುವ ಉಪಗ್ರಹಗಳನ್ನು ಹಿಡಿಯಬೇಕಾದ ಡಿಶ್ಶಿಗೆ ಆಕಾಶದ ದೊಡ್ಡ ಭಾಗವೇ ಬಿಚ್ಚಿಕೊಂಡಿರಬೇಕು. ತೋಟದ ನೆರಳಿನಲ್ಲಿ ಅಥವಾ ಹಲಸಿನ ಮರದಡಿ ಇಟ್ಟರೆ ಸಂಪರ್ಕ ಆಗಾಗ ಕಡಿಯುತ್ತದೆ. ಅಡಕೆ ಒಣಗಿಸುವ ಅಂಗಳ ಇರುವವರ ಅದೃಷ್ಟ ಒಳ್ಳೆಯದು. ಬಿಸಿಲು ಬೀಳುವಲ್ಲಿ ಆಕಾಶವೂ ಕಾಣುತ್ತದೆ. ಜೋರು ಮಳೆ ಈ ಕೊಂಡಿಯನ್ನೂ ಕುಗ್ಗಿಸುತ್ತದೆ. ಒಂದು ಪ್ರದೇಶದ ಮೇಲೆ ಬೀಳುವ ಉಪಗ್ರಹದ ಸಾಮರ್ಥ್ಯವನ್ನು ಅಲ್ಲಿನ ಗ್ರಾಹಕರೆಲ್ಲ ಹಂಚಿಕೊಳ್ಳಬೇಕು, ಹಾಗಾಗಿ ಚದುರಿದ ಮನೆಗಳಿಗೆ ಅದು ಹೊಂದುವಷ್ಟು ಪೇಟೆಗೆ ಹೊಂದುವುದಿಲ್ಲ. ಉಪಗ್ರಹದಿಂದ ಇಳಿದ ಮಾಹಿತಿ ಕೊನೆಗೆ ಸೇರುವುದೂ ನೆಲದ ಮೇಲಿನ ಗೇಟ್‌ವೇ ಕೇಂದ್ರಕ್ಕೆ, ಅಲ್ಲಿಂದ ಮತ್ತೆ ಫೈಬರ್‌ಗೆ. ಆ ಕೇಂದ್ರ ಭಾರತದೊಳಗೇ ಇರಬೇಕೆಂದು ಸರ್ಕಾರದ ನಿಯಮವಿದೆ. ಗಡಿ ಮತ್ತು ಕರಾವಳಿಗೆ ವಿಶೇಷ ನಿಗಾ ನಿಯಮಗಳೂ ಇವೆ.

ಡಿಶ್ ಇಲ್ಲದೆ ನೇರವಾಗಿ ಫೋನಿಗೆ ಬರುವುದು ಇನ್ನೊಂದೇ ಬಗೆ. ಫೋನಿನ ಶಕ್ತಿ 0.2 ವಾಟ್ ಎಂದು ಮೇಲೆ ಹೇಳಿದೆವು. ಆ ಸಣ್ಣ ದನಿ ನೂರಾರು ಕಿಲೋಮೀಟರ್ ಮೇಲೆ ಕೇಳಿಸಬೇಕಾದರೆ ಕೇಳುವ ಕಿವಿ ಭಾರೀ ದೊಡ್ಡದಿರಬೇಕು. ಇಸ್ರೋ ಹಾರಿಸಿದ ಬ್ಲೂಬರ್ಡ್ ಉಪಗ್ರಹ ಬಾಹ್ಯಾಕಾಶದಲ್ಲಿ ಬಿಚ್ಚಿಕೊಳ್ಳುವ ಆಂಟೆನಾ ಸುಮಾರು 2,400 ಚದರ ಅಡಿ. ಉಪಗ್ರಹದ ತೂಕ 6 ಟನ್‌ಗೂ ಹೆಚ್ಚು. ಆದರೂ ಮನೆಯೊಳಗೆ, ದಟ್ಟ ಮರದಡಿ ಅದು ಟವರ್‌ನಂತೆ ಕೆಲಸ ಮಾಡಲಾರದು. ಅಣಶಿ ಘಟ್ಟದ ತಿರುವಿನಲ್ಲಿ ಗಾಡಿ ಕೆಟ್ಟಾಗ ರಸ್ತೆಗೆ ಬಂದು ಒಂದು ಸಂದೇಶ ಕಳಿಸಲು, ಕರೆ ಮಾಡಲು ಅದರ ಬೆಲೆ ತಿಳಿಯುತ್ತದೆ.

ಕಡಲಿಗೆ ಇಳಿದವರು

ಕಾರವಾರ, ತದಡಿ, ಹೊನ್ನಾವರ, ಭಟ್ಕಳದಿಂದ ಹೊರಟ ದೋಣಿ ದಡ ಬಿಟ್ಟು ಕೆಲವು ಮೈಲಿ ಹೋದರೆ ಮೊಬೈಲ್ ಮುಗಿಯಿತು. ನೀರಿನ ಮೇಲೆ ಮರ, ಗುಡ್ಡ ಯಾವುದೂ ಅಡ್ಡವಿಲ್ಲ. ಅಲ್ಲಿ ಅಡ್ಡ ಬರುವುದು ಭೂಮಿಯ ಬಾಗು. ಅಲ್ಲಿಂದಾಚೆ ದೋಣಿಗಳು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊ, ಅದರಾಚೆ ಉಪಗ್ರಹ. ಮತ್ಸ್ಯ ಸಂಪದಾ ಯೋಜನೆಯಡಿ ದೇಶದ 1 ಲಕ್ಷ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಉಚಿತವಾಗಿ ಅಳವಡಿಸುವ ಕಾರ್ಯಕ್ರಮ 2024ರಲ್ಲಿ ಆರಂಭವಾಯಿತು. ಅದರಲ್ಲಿ ದೋಣಿಯಿಂದ ಅಪಾಯದ ಸಂದೇಶ ಕಳಿಸಬಹುದು. ದಡದಿಂದ ಬಿರುಗಾಳಿಯ ಎಚ್ಚರಿಕೆಯೂ ದೋಣಿಗೆ ಮುಟ್ಟುತ್ತದೆ. ಹರಟೆಗೆ, ರೀಲ್ಸ್‌ಗೆ ಅಲ್ಲ.

ಗುಡ್ಡ ಕುಸಿದ ದಿನ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು. ಇಂಥ ದಿನ ಎಲ್ಲರೂ ಒಮ್ಮೆಲೇ ಫೋನ್ ಹಿಡಿದರೆ ಟವರ್ ಕಟ್ಟಿಕೊಳ್ಳುತ್ತದೆ. ಎಸ್‌ಎಂಎಸ್ ಒಬ್ಬೊಬ್ಬರ ನಂಬರಿಗೆ ಬೇರೆ ಬೇರೆಯಾಗಿ ಹೋಗಬೇಕು. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಟವರ್ ಒಂದೇ ಸಂದೇಶವನ್ನು ತನ್ನ ವ್ಯಾಪ್ತಿಯ ಎಲ್ಲ ಫೋನಿಗೂ ಒಟ್ಟಿಗೇ ಸಾರುತ್ತದೆ, ಯಾರ ನಂಬರೂ ಬೇಕಿಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲ್‌ಗಳು ಒಮ್ಮೆಲೇ ಕಿರುಚಿ ಜನರನ್ನು ಬೆಚ್ಚಿಬೀಳಿಸಿದ್ದು ಇದರ ಪರೀಕ್ಷೆ.

ಇನ್ನೊಂದು ಏರ್ಪಾಡು, ಒಂದು ಕಂಪನಿಯ ಟವರ್ ಬಿದ್ದಾಗ ಅದರ ಗ್ರಾಹಕರು ಇನ್ನೊಂದು ಕಂಪನಿಯ ಟವರ್ ಬಳಸುವುದು. ತಾಂತ್ರಿಕವಾಗಿ ಇದು ಕಷ್ಟವೇನಲ್ಲ, ವಿಪತ್ತಿನಲ್ಲಿ ಸರ್ಕಾರ ಆದೇಶಿಸುತ್ತದೆ. ಉಳಿದ ದಿನಗಳಲ್ಲಿ ಯಾಕಿಲ್ಲ ಎಂದರೆ ಉತ್ತರ ವ್ಯಾಪಾರದಲ್ಲಿದೆ.

ದುಡ್ಡು ಯಾರದು?

ಹತ್ತು ಮನೆ ಇಲ್ಲಿ, ಎಂಟು ಮನೆ ಅಲ್ಲಿ ಎಂದು ಚದುರಿದ ಊರಿನಲ್ಲಿ ಟವರ್ ಕಟ್ಟಿದರೆ ರೀಚಾರ್ಜ್ ಹಣದಿಂದ ಅದರ ಖರ್ಚು ಹುಟ್ಟುವುದಿಲ್ಲ. ಅದಕ್ಕೆಂದೇ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಆದಾಯದಲ್ಲಿ (ಕೆಲವು ಬಾಬತ್ತು ಕಳೆದು ಉಳಿದದ್ದು) ಶೇ 5ರಷ್ಟನ್ನು ಒಂದು ನಿಧಿಗೆ ಕೊಡಬೇಕು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಅಂದರೆ ಬೆಂಗಳೂರಿನವರ ರೀಚಾರ್ಜ್‌ನ ಒಂದು ಚೂರು ಜೊಯಿಡಾದ ಟವರ್‌ಗೆ ಬರಬೇಕು ಎಂಬ ಲೆಕ್ಕ. 2022ರ ಜುಲೈನಲ್ಲಿ ಒಪ್ಪಿಗೆ ಪಡೆದ, 4ಜಿ ಇಲ್ಲದ ಹಳ್ಳಿಗಳಿಗೆ ಅದನ್ನು ಮುಟ್ಟಿಸುವ 4ಜಿ ಸ್ಯಾಚುರೇಶನ್ ಯೋಜನೆಗೆ ಹಣ ಇಲ್ಲಿಂದಲೇ: 24,680 ಹಳ್ಳಿ, 26,316 ಕೋಟಿ ರೂಪಾಯಿ, ಕೆಲಸ ಬಿಎಸ್‌ಎನ್‌ಎಲ್‌ನದು. 2025ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಈ ನಿಧಿಯಿಂದ ಕಟ್ಟಿದ ಸುಮಾರು 27 ಸಾವಿರ ಟವರ್‌ಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಗ್ರಾಹಕರೆಲ್ಲ ಬಳಸುವಂತೆ ಮಾಡುವ ವ್ಯವಸ್ಥೆ ಅದು. ಮೂರು ಸಿಮ್ ಇಟ್ಟುಕೊಂಡು ಅಂಗಳ ಸುತ್ತುವವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಸ್ವದೇಶಿ 4ಜಿಯ ತಿರುಳಾದ ಕೋರ್ ಜಾಲವನ್ನು ಕಟ್ಟಿದ್ದು ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್. 1984ರಲ್ಲಿ ಹುಟ್ಟಿದ ಈ ಸಂಸ್ಥೆ, ಏರ್ ಕಂಡಿಷನರ್ ಇಲ್ಲದೆಯೂ ನಡೆಯುವ ತನ್ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಕೂರಿಸಿದ್ದು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ.

6ಜಿ ಬಂದರೆ?

6ಜಿಯ ಚೌಕಟ್ಟನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರಲ್ಲಿ ಒಪ್ಪಿತು. ಬಳಕೆಗೆ ಬರುವುದು 2030ರ ಸುಮಾರಿಗೆ. ವೇಗದ ಜಾಹೀರಾತುಗಳನ್ನು ಸದ್ಯಕ್ಕೆ ಬದಿಗಿಡಿ. ಘಟ್ಟದವರು ಗಮನಿಸಬೇಕಾದದ್ದು, ಟವರ್ ಮತ್ತು ಉಪಗ್ರಹ ಎರಡನ್ನೂ ಒಂದೇ ಜಾಲವೆಂದು ನೋಡುವ ಕ್ರಮ. 2022ರ 5ಜಿ ಮಾನದಂಡದಲ್ಲೇ ಉಪಗ್ರಹಕ್ಕೆ ಜಾಗ ಮಾಡಿದ್ದಾರೆ, 6ಜಿಯಲ್ಲಿ ಅದು ಇನ್ನೂ ಬಿಗಿಯಾಗುತ್ತದೆ. ಟವರ್ ಸಿಕ್ಕಲ್ಲಿ ಟವರ್, ಇಲ್ಲದಲ್ಲಿ ಉಪಗ್ರಹ ಎಂದು ಫೋನೇ ಬದಲಿಸಿಕೊಳ್ಳಬೇಕು ಎಂಬುದು ಉದ್ದೇಶ.

ಅಲ್ಲಿಯವರೆಗೆ ಕೈಗೆ ಸಿಗುವ ಕೆಲಸ ಕೇಬಲ್‌ನದು. ಕಾಡಿನ ನಡುವೆ ಕೇಬಲ್ ಎಳೆಯಲು ಅರಣ್ಯದ ಅಡ್ಡಿ ಎಂಬ ಮಾತು ಜಿಲ್ಲೆಯಲ್ಲಿ ಆಗಾಗ ಕೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಮು ಊರಿನ ಅಗತ್ಯಗಳಿಗೆ ಅರಣ್ಯಭೂಮಿ ಬಳಸಲು ಒಂದು ದಾರಿ ಕೊಟ್ಟಿದೆ; ಆ ಪಟ್ಟಿಯಲ್ಲಿ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳೂ ಇವೆ. ಪ್ರತಿ ಕೆಲಸಕ್ಕೆ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಕಡ್ಡಾಯ. ಅಂಥ ಸಭೆ ಸೇರಿದಾಗ ಟವರ್ ಎಷ್ಟು ಜಿ ಎಂದು ಕೇಳುವ ಮೊದಲು ಅದಕ್ಕೆ ಬರುವುದು ಕೇಬಲ್ಲೋ ಡಿಶ್ಶೋ, ಕೇಬಲ್ ಆದರೆ ಎರಡನೆಯ ದಾರಿ ಯಾವ ಘಟ್ಟದಿಂದ, ಕರೆಂಟ್ ಹೋದ ಮೇಲೆ ಬ್ಯಾಟರಿ ಎಷ್ಟು ತಾಸು, ಎಲ್ಲ ಕಂಪನಿಯ ಸಿಮ್‌ಗೂ ನಡೆಯುತ್ತದೆಯೇ ಎಂದು ಕೇಳಿ ನಡಾವಳಿಯಲ್ಲಿ ಬರೆಸಬಹುದು.